ಒಂದು ಅಕ್ಷರ, ಒಂದು ಚುಕ್ಕೆ

ನಾನು ಮೂವತ್ತೈದು ವರ್ಷ ಹೈಸ್ಕೂಲಿನ ಕಾರಕೂನನಾಗಿದ್ದೆ. ಮಕ್ಕಳಿಗೆ ಒಂದು ದಿನವೂ ಪಾಠ ಹೇಳಲಿಲ್ಲ. ಅವರ ಹೆಸರು ಬರೆದೆ. ನನ್ನ ಓದೂ ಅಷ್ಟಕ್ಕಷ್ಟೇ. ಎರಡನೆಯ ಸಲ ಕುಳಿತು ಮ್ಯಾಟ್ರಿಕ್ ಪಾಸಾದವನು. ಹೋದ ತಿಂಗಳು ನನ್ನ ತಮ್ಮನ ಮೊಮ್ಮಗಳು ರೋಣದ ಒಂದು ಶಾಲೆಯಲ್ಲಿ ಗುಮಾಸ್ತೆಯಾಗಿ ಸೇರಿದಳು. ಕೆಲಸಕ್ಕೆ ಹೋಗುವ ಮುನ್ನ ಬಂದು, "ಅಜ್ಜಾ, ಕೆಲಸ ಹ್ಯಾಂಗ ಇರತೈತಿ, ಒಂದೀಟು ಹೇಳು" ಎಂದು ಕೇಳಿದಳು. ಏನೇನೋ ಹೇಳಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಐವತ್ತರ ದಶಕದಲ್ಲಿ ನಾನು ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿದ್ದೆ. ಸೂಡಿಯ ನನ್ನ ಮನೆಯಿಂದ ಸೈಕಲ್ ಮೇಲೆ ಹೋಗಿಬರುತ್ತಿದ್ದೆ. ಆಗ ಕೆಲಸವೆಂದರೆ ಮುಖ್ಯವಾಗಿ ಜನರಲ್ ರಜಿಸ್ಟರ್. ಶಾಲೆಗೆ ಸೇರಿದ ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಊರು, ಹುಟ್ಟಿದ ತಾರೀಖು ಅದರಲ್ಲಿ ಇರಬೇಕು. ಟಾಕನ್ನು ಮಸಿಯ ದೌತಿಯಲ್ಲಿ ಅದ್ದಿ ಬರೆಯುತ್ತಿದ್ದೆವು. ಬರೆದದ್ದನ್ನು ಕೆರೆಯುವಂತಿಲ್ಲ, ತಿದ್ದುವಂತಿಲ್ಲ. ಆ ಪುಸ್ತಕದಲ್ಲಿ ಇದ್ದದ್ದೇ ಮುಂದೆ ಆ ಮಗುವಿನ ಜೀವಮಾನವಿಡೀ ನಡೆಯುತ್ತದೆ.

ಹುಟ್ಟಿದ ತಾರೀಖು ಯಾರಿಗೆ ಗೊತ್ತಿತ್ತು? "ಜ್ವಾಳ ಕೊಯ್ಯೂ ದಿನದಾಗ ಹುಟ್ಯಾನ್ರಿ" ಎನ್ನುವವರೇ ಎಲ್ಲ. ಎಲ್ಲರಿಗೂ ಜೂನ್ ಒಂದು ಎಂದು ಬರೆದುಬಿಡುತ್ತಿದ್ದೆ. ಹೀಗೆ ಬರೆಯುತ್ತ ಅಸೂಟಿಯ ಅಣ್ಣತಮ್ಮಂದಿರಿಬ್ಬರಿಗೆ ಒಂದೇ ವರ್ಷದ ಜೂನ್ ಒಂದನ್ನು ಬರೆದೆ. ಅವರ ತಂದೆ ಬಂದು ಬಾಗಿಲಲ್ಲಿ ನಿಂತು, "ಏನ್ರಿ ಕಾರಕೂನ್ರ, ನನ್ನ ಹೇಣ್ತಿಗೇ ಗೊತ್ತಿಲ್ದಂಗ ಅವಳಿ-ಜವಳಿ ಹಡಿಸಿದ್ರೆಲಾ!" ಎಂದ. ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ. ನಕ್ಕು ಮರೆಯಬಹುದಾದ ತಪ್ಪುಗಳು ಈ ಕೆಲಸದಲ್ಲಿ ಬೇಕಾದಷ್ಟಿವೆ.

ತಂದೆಯ ಹೆಸರಿನ ಖಾನೆಗೆ ಒಂದು ಪದ್ಧತಿ ಇತ್ತು. ತಂದೆ ತೀರಿಕೊಂಡಿದ್ದರೆ ಹೆಸರಿಗೆ ಮೊದಲು ಒಂದು ಅಕ್ಷರ ಬರೆದು ಚುಕ್ಕೆ ಇಡಬೇಕು. ಲಿಂಗಾಯತರಾದರೆ 'ಲಿಂ.', ಅಂದರೆ ಲಿಂಗೈಕ್ಯ. ಉಳಿದ ಹಿಂದೂಗಳಿಗೆ 'ಕೈ.', ಅಂದರೆ ಕೈಲಾಸವಾಸಿ. ಓದುಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ನಮ್ಮ ಹೆಡ್‌ಮಾಸ್ತರರು. ಶಿಸ್ತಿನವರು, ನಾಲಿಗೆ ಹರಿತ. ಮೇಲಿನ ಕಚೇರಿಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನನ್ನ ಇಂಗ್ಲಿಷ್ ಬಡವಾಗಿತ್ತು. ನಾನು ಬರೆದ ಕರಡನ್ನು ಎಲ್ಲರೆದುರು ಎತ್ತಿ ಹಿಡಿದು, "ಇಂಗ್ಲಿಷರು ದೇಶಾ ಬಿಟ್ಟು ಹೋದದ್ದು ಚಳವಳಿಗೆ ಅಂಜಿ ಅಲ್ಲೋ, ನಿನ್ನ ಇಂಗ್ಲಿಷ್ ನೋಡಿ" ಎನ್ನುತ್ತಿದ್ದರು. ಜವಾನ ಕೂಡ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದ. ಇಂಗ್ಲಿಷ್ ಪತ್ರ ಬರೆಯಬೇಕೆಂದರೆ ನನಗೆ ಅಂಜಿಕೆ. ಮುಂದೆ ನಡೆದುದಕ್ಕೆಲ್ಲ ಮೂಲ ಈ ಅಂಜಿಕೆಯೇ. ಬಹಳ ವರ್ಷ ನಾನು ಅದನ್ನು ಕನಿಕರ ಎಂದು ಹೇಳಿಕೊಂಡು ಬಂದೆ. ಕನಿಕರವಲ್ಲ.

ದೇಶ ಇಬ್ಭಾಗವಾಗಿ ಐದು ವರ್ಷವಾಗಿತ್ತು. ಆ ಜೂನ್‌ನಲ್ಲಿ ಒಬ್ಬ ಹುಡುಗಿ ತನ್ನ ತಾಯಿ ಮತ್ತು ಸೋದರಮಾವನ ಜೊತೆ ಕಚೇರಿಗೆ ಬಂದಳು. ಸಿಂಧದಿಂದ ಬಂದವರು. ಮಾವ ಗಜೇಂದ್ರಗಡದ ನೇಕಾರರಿಂದ ಕೈಮಗ್ಗದ ಸೀರೆ ಕೊಂಡು ಹೊರಗೆ ಮಾರುತ್ತಿದ್ದ. ಊರವರು ಅವನನ್ನು ಸಿಂಧಿ ಸಾವಕಾರ ಎನ್ನುತ್ತಿದ್ದರು. ಹುಡುಗಿಯ ಹೆಸರು ಈಶ್ವರಿ. ಹದಿನಾಲ್ಕು ವರ್ಷ. ಕರಾಚಿಯಿಂದ ಹಡಗು ಹತ್ತಿ, ಕಲ್ಯಾಣದ ಶಿಬಿರದಲ್ಲಿ ಎರಡು ವರ್ಷ, ಹುಬ್ಬಳ್ಳಿಯಲ್ಲಿ ಒಂದಿಷ್ಟು ದಿನ ಕಳೆದು ಇಲ್ಲಿಗೆ ಬಂದಿದ್ದರು. ಎಲ್ಲಿಯೂ ಪೂರ್ತಿ ಒಂದು ವರ್ಷ ಶಾಲೆ ಆಗಿರಲಿಲ್ಲ. ಮನೆಯ ಸುತ್ತ ನೇಕಾರರು. ಅವರ ಮಗ್ಗದ ಪಕ್ಕ ಕುಳಿತೇ ನಮ್ಮ ಮಾತು ಕಲಿತಿದ್ದಳು.

"ಯಾವ ಇಯತ್ತೆಗೆ ಸೇರತಿ?" ಎಂದು ಕೇಳಿದೆ.

"ಎಂಟನೇತ್ತಿಗ್ರಿ. ಮ್ಯಾಟ್ರಿಕ್ ಮಾಡಿ ಮಾಸ್ತರತಿ ಆಗಾಕಿ ಅದೀನ್ರಿ" ಎಂದಳು. ಅವಳ ಸಿಂಧಿ ನಾಲಿಗೆಯಲ್ಲಿ ನಮ್ಮ 'ಅದೀನ್ರಿ' ಕೇಳಿ ಜವಾನ ನಕ್ಕ. ಅವಳೂ ನಕ್ಕಳು.

"ತಂದಿ ಎಲ್ಲಿ?"

"ಬರತಾರ್ರಿ. ಮನಿ ಮಾರಿ ಬರತೀನಿ ಅಂತ ಅಲ್ಲೇ ಉಳದಾರ. ಮೊದಲು ಪತ್ರ ಬರತಿದ್ವು. ನಾವು ಊರು ಬದಲ ಮಾಡಿದ ಮ್ಯಾಲೆ ಬಂದಿಲ್ಲ."

ತಂದೆಯ ಹೆಸರು ಟೀಕಮದಾಸ. ಅರ್ಜಿಗೆ ತಂದೆಯ ಸಹಿ ಬೇಕು. ನಾನು ಹೆಡ್‌ಮಾಸ್ತರರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ತಂದಿ ಇದ್ದಾನಂದ್ರ ತಂದಿ ಸಹಿ. ಇಲ್ಲಂದ್ರ ಇಲ್ಲ ಅಂತ ಬರಿ, ಮಾವ ಸಹಿ ಮಾಡ್ಲಿ. ಎರಡೂ ಅಲ್ಲಂದ್ರ ಧಾರವಾಡಕ್ಕ ಬರದು ಪರವಾನಗಿ ತರಸು. ಇಂಗ್ಲಿಷಿನ್ಯಾಗ" ಎಂದರು. ಕೊನೆಯ ಮಾತನ್ನು ಒತ್ತಿ ಹೇಳಿದರು.

ಮರಳಿ ಬಂದು ಕುಳಿತೆ. ಮೂವರೂ ನನ್ನ ಮುಖ ನೋಡುತ್ತಿದ್ದರು. ತಾಯಿಗೆ ನಮ್ಮ ಮಾತು ಬಾರದು. ಮಾವನಿಗೆ ಮಾತು ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಟಾಕು ಅದ್ದಿ, ತಂದೆಯ ಖಾನೆಯಲ್ಲಿ 'ಕೈ. ಟೀಕಮದಾಸ' ಎಂದು ಬರೆದೆ. ಮಾವನಿಗೆ ಬೆರಳಿಂದ ಜಾಗ ತೋರಿಸಿ ಸಹಿ ಹಾಕಿಸಿದೆ. ತಾಯಿಯ ಕಡೆ ತಿರುಗಿ ಹಿಂದಿಯಲ್ಲಿ, "ಹೋ ಗಯಾ" ಎಂದೆ. ಅವಳು ಬಳೆ ತುಂಬಿದ ಎರಡೂ ಕೈ ಎತ್ತಿ ನನಗೆ ಮುಗಿದಳು.

ಒಂದು ಪತ್ರ ಬರೆಯುವುದು ತಪ್ಪಿತೆಂದು ಆ ದಿನ ಸೈಕಲ್ ಮೇಲೆ ಹಗುರಾಗಿ ಸೂಡಿಗೆ ಹೋದೆ.

ಈಶ್ವರಿ ತನಗಿಂತ ಸಣ್ಣವರ ನಡುವೆ ಕುಳಿತು ಓದಿದಳು. ಮಧ್ಯಾಹ್ನದ ಬಿಡುವಿನಲ್ಲಿ ಒಂದನೆಯ ಇಯತ್ತೆಯ ಪುಸ್ತಕ ಹಿಡಿದು ನನ್ನ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಕ-ಕಾ-ಕಿ ಎಂಬ ಬಳ್ಳಿ ಅಕ್ಷರ ತಿದ್ದುತ್ತಿದ್ದಳು. ಅವರ ಲಿಪಿ ಬಲದಿಂದ ಎಡಕ್ಕೆ. ಮೊದಮೊದಲು ಅವಳ ಕೈ ಪುಟದ ಆ ಕೊನೆಯಿಂದ ಶುರುವಾಗುತ್ತಿತ್ತು. ತಾನೇ ತನ್ನ ಕೈಗೆ ಹೊಡೆದುಕೊಂಡು ಈ ಕಡೆಗೆ ತರುತ್ತಿದ್ದಳು. "ಖೋಡಿ ಕೈ, ಇನ್ನೂ ಕರಾಚ್ಯಾಗ ಐತ್ರಿ" ಎನ್ನುತ್ತಿದ್ದಳು.

ದಸರೆಗೆ ಮುಂಚೆ ಪ್ರಗತಿಪತ್ರ ಕೊಟ್ಟೆವು. ಅದನ್ನು ರಜಿಸ್ಟರ್ ನೋಡಿ ಬರೆಯುವವನು ನಾನೇ. ಅವಳು ಪತ್ರ ಹಿಡಿದು ಕಿಟಕಿಗೆ ಬಂದಳು.

"ಕಾರಕೂನ್ ಸಾಹೇಬ್ರ, ನಮ್ಮಪ್ಪನ ಹೆಸರಿನ ಮುಂದ ಕೈ ಅಂತ ಐತಿ. ಕೈ ಅಂದ್ರ ಇದ ಅಲ್ರಿ?" ಎಂದು ಅಂಗೈ ತೋರಿಸಿದಳು.

ಆ ಗಳಿಗೆಯಲ್ಲಿ ನಿಜ ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ನಾನು, "ಇದು ಬ್ಯಾರೆ ಕೈ ತಂಗಿ. ದೊಡ್ಡ ಮನುಷ್ಯಾರ ಹೆಸರಿನ ಮುಂದ ಹಾಕತಾರ. ಮರ್ಯಾದಿ" ಎಂದೆ.

"ಶ್ರೀ ಇದ್ದಂಗ್ರಿ?"

"ಅದಕ್ಕಿಂತ ಮ್ಯಾಲ."

ಅವಳ ಮುಖ ಅರಳಿತು. ಮರುದಿನದಿಂದ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ದುಂಡಗೆ ಬರೆದಳು: 'ಈಶ್ವರಿ, ಕೈ. ಟೀಕಮದಾಸರ ಮಗಳು.' ಮಾಸ್ತರರೆಲ್ಲ ನೋಡಿದರು. ಪಾಪ, ತಂದೆಯಿಲ್ಲದ ಹುಡುಗಿ ಎಂದುಕೊಂಡರು. ನೋವಾದೀತೆಂದು ಯಾರೂ ತಂದೆಯ ಮಾತೆತ್ತಲಿಲ್ಲ. ಎಲ್ಲರ ಒಳ್ಳೆಯತನದ ನೆರಳಿನಲ್ಲಿ ನನ್ನ ಸುಳ್ಳು ಹಾಯಾಗಿ ಬೆಳೆಯಿತು.

ಆದರೆ ಊರು ಅಷ್ಟು ಮೆತ್ತಗಿರಲಿಲ್ಲ. ಒಂದು ದಿನ ಜವಾನ ನನ್ನ ಮೇಜು ಒರೆಸುತ್ತ, "ಅಲ್ರಿ, ಆ ಸಿಂಧಿ ಬಾಯಿ ಗಂಡ ಸತ್ತಾನಂತ, ರಜಿಸ್ಟರದಾಗ ಐತಂತ. ಮತ್ತ ಕೈತುಂಬ ಬಳಿ ಹಾಕ್ಕೊಂಡು ತಿರಗತಾಳಲ್ರಿ?" ಎಂದ.

"ಅವರ ಪದ್ಧತಿ ಬ್ಯಾರೆ ಇರಬೇಕೋ. ನಿನಗ್ಯಾಕ?" ಎಂದೆ.

ಕಾರ್ತಿಕ ಕಳೆದ ಮೇಲೆ ಆ ಪತ್ರ ಬಂತು. ರಾಜಸ್ಥಾನದ ಒಂದು ನಿರಾಶ್ರಿತರ ಶಿಬಿರದಿಂದ, ಇಂಗ್ಲಿಷಿನಲ್ಲಿ. ಟೀಕಮದಾಸ ಎಂಬುವರು ತಡವಾಗಿ ಗಡಿ ದಾಟಿ ಬಂದಿದ್ದಾರೆ. ಹೆಂಡತಿಯನ್ನೂ ಈಶ್ವರಿ ಎಂಬ ಮಗಳನ್ನೂ ಹುಡುಕುತ್ತಿದ್ದಾರೆ. ಗಜೇಂದ್ರಗಡದ ಕಡೆ ಸೀರೆ ವ್ಯಾಪಾರ ಮಾಡುವ ಸಿಂಧಿ ಮನೆತನವಿದೆ ಎಂದು ರೈಲಿನಲ್ಲಿ ಯಾರೋ ಹೇಳಿದರಂತೆ. ನಿಮ್ಮ ಶಾಲೆಯಲ್ಲಿ ಆ ಹುಡುಗಿ ಇದ್ದಾಳೆಯೇ ಎಂದು ದಾಖಲೆ ನೋಡಿ ತಿಳಿಸಿ.

ಹೆಡ್‌ಮಾಸ್ತರರು ಪತ್ರವನ್ನು ನನ್ನ ಕಡೆ ನೂಕಿ, "ರಜಿಸ್ಟರ್ ನೋಡಿ ಉತ್ತರ ಬರಿ" ಎಂದರು.

ರಜಿಸ್ಟರ್ ತೆರೆದೆ. ತಾಯಿಯ ಹೆಸರಿಗೆ ಆಗ ಖಾನೆಯೇ ಇರಲಿಲ್ಲ. ತಂದೆಯ ಖಾನೆಯಲ್ಲಿ ನನ್ನ ಅಕ್ಷರ, ನನ್ನ ಚುಕ್ಕೆ. ಹೌದು ಎಂದು ಬರೆದರೆ ಬದುಕಿದ್ದವನನ್ನು ಸಾಯಿಸಿ ಬರೆದದ್ದು ಯಾರು ಎಂಬ ಪ್ರಶ್ನೆ ಬರುತ್ತದೆ. ನೌಕರಿ ಹೋಗುತ್ತದೆ. ಪಕ್ಕದ ಕೋಣೆಯಲ್ಲಿ ಎಂಟನೆಯ ಇಯತ್ತೆ ಕೂಡಿ ಪದ್ಯ ಹೇಳುತ್ತಿತ್ತು. ಅದರಲ್ಲಿ ಅವಳ ದನಿ ನನಗೆ ಬೇರೆಯಾಗಿ ಕೇಳುತ್ತಿತ್ತು. ದೀರ್ಘವಿರುವಲ್ಲಿ ಅವಳು ಎಲ್ಲರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತಿದ್ದಳು. ಆ ದನಿ ಕೇಳುತ್ತಲೇ ಬರೆದೆ: 'ಆ ಹೆಸರಿನ ವಿದ್ಯಾರ್ಥಿನಿ ಇದ್ದಾಳೆ; ಆದರೆ ನಮ್ಮ ದಾಖಲೆಯ ಪ್ರಕಾರ ಆಕೆಯ ತಂದೆ ತೀರಿಕೊಂಡಿರುವುದರಿಂದ, ತಾವು ವಿಚಾರಿಸಿದವರು ಈಕೆಯಲ್ಲ.'

ಹೆಡ್‌ಮಾಸ್ತರರು ಕರಡನ್ನು ಎರಡು ಸಲ ಓದಿದರು. ಜೂನ್‌ನಲ್ಲಿ ನಾನು ಕೇಳಿದ್ದು ಅವರಿಗೆ ನೆನಪಿರಲಿಲ್ಲ. ಕೆಂಪು ಪೆನ್ಸಿಲು ಕೆಳಗಿಟ್ಟರು. "ಶಾಭಾಸ್! ಮೊದಲನೇ ಸಲ ತಪ್ಪಿಲ್ಲದ ಇಂಗ್ಲಿಷ್ ಬರದಿ ನೋಡು" ಎಂದು ಸಹಿ ಮಾಡಿದರು. ಪತ್ರ ಅದೇ ದಿನ ಟಪಾಲಿಗೆ ಹೋಯಿತು.

ಸುಮಾರು ಮೂರು ತಿಂಗಳ ನಂತರ, ವಾರ್ಷಿಕ ಪರೀಕ್ಷೆ ಹತ್ತಿರವಿದ್ದಾಗ, ಕನ್ನಡ ಪಂಡಿತರು ಎಂಟನೆಯ ಇಯತ್ತೆಗೆ 'ನನ್ನ ತಂದೆ' ಎಂಬ ನಿಬಂಧ ಬರೆಯಲು ಹೇಳಿದರು. ಈಶ್ವರಿ ಎರಡು ಪುಟ ಬರೆದಳು. ಪಂಡಿತರು ಬಹಳ ಸಜ್ಜನರು. ಹುಡುಗಿ ಹೊಸಬಳು, ಕನ್ನಡದ ಕಾಲಗಳು ಅವಳಿಗೆ ಇನ್ನೂ ಹತ್ತಿಲ್ಲ ಎಂದು ತಿಳಿದು, ತಾಳ್ಮೆಯಿಂದ ಪ್ರತಿ ಸಾಲನ್ನೂ ತಿದ್ದಿದರು. ಅವಳು ಆ ಹಾಳೆ ಹಿಡಿದು ನನ್ನ ಕೋಣೆಗೆ ಬಂದಳು. ಕಿಟಕಿಗಲ್ಲ, ಒಳಗೆ.

ಹಾಳೆಯ ತುಂಬ ಕೆಂಪು ಮಸಿ. 'ನನ್ನ ತಂದೆ ಎತ್ತರವಾಗಿದ್ದಾರೆ' ಎಂಬಲ್ಲಿ 'ಎತ್ತರವಾಗಿದ್ದರು'. 'ಚೆನ್ನಾಗಿ ಹಾಡುತ್ತಾರೆ' ಎಂಬಲ್ಲಿ 'ಹಾಡುತ್ತಿದ್ದರು'. ಕೊನೆಯ ಸಾಲು, 'ಅವರು ಬೇಗ ಬರುತ್ತಾರೆ.' ಅದನ್ನು ಪೂರ್ತಿ ಹೊಡೆದು ಪಂಡಿತರು ಅಂಚಿನಲ್ಲಿ ಬರೆದಿದ್ದರು: 'ಕೈಲಾಸವಾಸಿಗಳ ವಿಷಯದಲ್ಲಿ ಯಾವಾಗಲೂ ಭೂತಕಾಲ.'

"ಕೈಲಾಸವಾಸಿ ಅಂದ್ರೇನಂತ ಪಂಡಿತರನ್ನ ಕೇಳಿದ್ನಿ. ಹೇಳಿದ್ರು" ಎಂದಳು. ಅಳುತ್ತಿರಲಿಲ್ಲ. "ನೀವು ಮರ್ಯಾದಿ ಅಂದಿದ್ರಿ."

ನಾನು ಟಾಕು ಒರೆಸಿ ಕೆಳಗಿಟ್ಟೆ.

"ಅದಕ್ಕ ಸಂಕ್ರಾಂತ್ಯಾಗ ಮಗ್ಗದ ಮನಿಯವರು ನಮ್ಮವ್ವಗ ಉಡಿ ತುಂಬಲಿಲ್ಲ. ಹ್ವಾದ ವರ್ಷ ತುಂಬಿದ್ರು. ಈ ವರ್ಷ ಎಲ್ಲಾರ್ಗೂ ತುಂಬಿ, ಅವ್ವನ್ನ ಹಂಗ ಕೂಡಿಸಿದ್ರು. ನಾ ಏನು ತಪ್ಪು ಮಾಡಿದ್ನಿ ಅಂತ ಅವ್ವ ಎಂಟ ದಿನ ಕೇಳಿದ್ಲು." ಅವಳು ರಜಿಸ್ಟರ್ ಮೇಲೆ ಕೈ ಇಟ್ಟಳು. "ತಗೀರಿ ಅದನ್ನ."

"ರಜಿಸ್ಟರ್ ತಿದ್ದಾಕ ಬರೂದಿಲ್ಲವ್ವ."

"ನಮ್ಮಪ್ಪ ಅದಾರ. ಬರತಾರ."

ಅವರು ಇದ್ದಾರೆಂದು ಆ ಕೋಣೆಯಲ್ಲಿ ಖಚಿತವಾಗಿ ಬಲ್ಲವನು ನಾನೊಬ್ಬನೇ. ಶಿಬಿರದ ಪತ್ರ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

ಆ ಸಂಜೆ ಶಿಬಿರದ ವಿಳಾಸಕ್ಕೆ, ಟೀಕಮದಾಸರ ಹೆಸರಿಗೆ, ನನ್ನ ಸ್ವಂತ ಹೆಸರಿನಲ್ಲಿ ಒಂದು ಕಾರ್ಡು ಹಾಕಿದೆ. ಎರಡು ತಿಂಗಳಿಗೆ ಅದು ಮೈತುಂಬ ಠಸ್ಸೆ ಹೊಡೆಸಿಕೊಂಡು ಮರಳಿ ಬಂತು. ವಿಳಾಸದಾರರು ಹೊರಟುಹೋಗಿದ್ದಾರೆ, ಎಲ್ಲಿಗೆಂದು ತಿಳಿಯದು. ನನ್ನ ತಪ್ಪಿಲ್ಲದ ಇಂಗ್ಲಿಷ್ ಪತ್ರ ಓದಿ ಅವರು ಬೇರೆ ಊರು ಹುಡುಕಿಕೊಂಡು ಹೋಗಿರಬೇಕು. ಇನ್ನು ಹೇಳಿದರೆ ಆಸೆ ಹುಟ್ಟಿಸಿ ಕೊಂದಂತೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ನೌಕರಿಯ ಅಂಜಿಕೆ. ಅವಳು ಇನ್ನೂ ಮೂರು ವರ್ಷ ನನ್ನ ಕಿಟಕಿಯ ಮುಂದೆ ಓಡಾಡಿದಳು. ಕಟ್ಟೆಯ ಮೇಲೆ ಮತ್ತೆ ಕುಳಿತುಕೊಳ್ಳಲಿಲ್ಲ. ಮ್ಯಾಟ್ರಿಕ್ ಪಾಸಾದಳು; ಕನ್ನಡದಲ್ಲಿ ಇಡೀ ಶಾಲೆಗೆ ಹೆಚ್ಚು ಅಂಕ ಅವಳದೇ. ಶಾಲೆ ಬಿಟ್ಟ ದಾಖಲೆಯಲ್ಲಿ ನಾನು 'ಕೈ.' ಬರೆಯಲಿಲ್ಲ. ಅವಳು ಅದನ್ನು ನೋಡಿ, ಮಡಚಿಕೊಂಡು ಹೋದಳು.

ಆ ವರ್ಷವೇ ನಾವೆಲ್ಲ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದೆವು. ಕುಳಿತ ಕುರ್ಚಿಯಿಂದ ಏಳದೆಯೇ ನನಗೂ ರಾಜ್ಯ ಬದಲಾಯಿತು. ನಮೂನೆಗಳು ಬದಲಾದವು, ಟಾಕು ಹೋಗಿ ಫೌಂಟನ್ ಪೆನ್ನು ಬಂತು. ಮೂರು ವರ್ಷದ ಮೇಲೆ ಹಳೆಯ ಕಡತಗಳನ್ನು ಸುಡಬೇಕೆಂದು ಆದೇಶವಾಯಿತು. ಹಿತ್ತಿಲಲ್ಲಿ ಜವಾನ ಬೆಂಕಿ ಹಚ್ಚಿದ. ಒಂದೊಂದೇ ಕಟ್ಟು ಬಿಚ್ಚಿ ಅವನಿಗೆ ಕೊಡುತ್ತಿದ್ದ ನನಗೆ ಶಿಬಿರದ ಪತ್ರವೂ ನನ್ನ ಉತ್ತರದ ನಕಲೂ ಕೈಗೆ ಬಂದವು. ಬೆಂಕಿಗೆ ಹಾಕಿದ್ದರೆ ಲೋಕದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಗಿಯೊಳಗೆ ಇಟ್ಟುಕೊಂಡೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಂದೇ ನೆಟ್ಟಗಿನ ಕೆಲಸ ಅದು, ಅದೂ ಏಳು ವರ್ಷ ತಡವಾಗಿ.

ಅಂದಿನಿಂದ ನಿವೃತ್ತಿಯವರೆಗೆ, ತಂದೆ ಎಲ್ಲಿದ್ದಾರೋ ತಿಳಿಯದು ಎಂದು ಮಗು ಹೇಳಿದರೆ, ಖಾನೆಯಲ್ಲಿ 'ಗೊತ್ತಿಲ್ಲ' ಎಂದೇ ಬರೆದೆ. ತಪಾಸಣೆಗೆ ಬಂದವರು ಬೈದಿದ್ದಾರೆ. ಮೊಮ್ಮಗಳೇ, ನೀನೂ ಹಾಗೇ ಬರೆ, ಬೈಸಿಕೋ.

ಕಡತ ಸುಟ್ಟ ಆ ವರ್ಷ ಈಶ್ವರಿ ನರಗುಂದದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರತಿಯಾಗಿದ್ದಳು. ಬೆಂಕಿ ಹಚ್ಚಿದ ಮರು ರವಿವಾರ ಬೆಳಗಿನ ಬಸ್ಸಿಗೆ ಹೊರಟೆ, ರೋಣದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ಎರಡು ಕೋಣೆಯ ಮನೆ. ಬಾಗಿಲು ತೆರೆದವಳು ತಾಯಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಬಳೆಗಳು ಹಾಗೆಯೇ ಇದ್ದವು. ನನ್ನ ಗುರುತು ಹಿಡಿದಳು.

"ಆವೋ, ಆವೋ ಕಾರಕೂನ ಸಾಬ!" ಎಂದು ಒಳಗೆ ಕರೆದು, ಮಗಳಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು.

"ನನಗ ಸಾಲಿ ಕೊಟ್ಟವರು ನೀವಂತ" ಎಂದಳು ಈಶ್ವರಿ. "ಅವ್ವಗ ನಾ ರಜಿಸ್ಟರದ ಮಾತು ಹೇಳಿಲ್ಲ. ಕುಂದರ್ರಿ."

ಮನೆಗೆ ಬಂದವರಿಗೆ ಅವರಲ್ಲಿ ಮೊದಲು ಸುಟ್ಟ ಹಪ್ಪಳ, ನೀರು ಕೊಡುತ್ತಾರೆ. ತಾಯಿ ತಂದುಕೊಟ್ಟಳು. ನಾನು ಅಂಗಿಯಿಂದ ಎರಡೂ ಹಾಳೆ ತೆಗೆದು ಈಶ್ವರಿಯ ಮುಂದಿಟ್ಟೆ. ಶಿಬಿರದ ಪತ್ರವನ್ನು ಮೊದಲು ಓದಿದಳು. ಬಹಳ ಹೊತ್ತು ಓದಿದಳು.

"ಯಾವಾಗ ಬಂತ್ರಿ ಇದು?"

"ನೀ ಎಂಟನೇತ್ಯಾಗ ಇದ್ದಿ."

"ಆ ಹೊತ್ತಿಗೆ ನಾ ವರ್ಗದಾಗ ಕುಂತಿದ್ನೇನ್ರಿ?"

"ಹೌದವ್ವ. ಬಾಜೂ ಖೋಲ್ಯಾಗ. ಪದ್ಯಾ ಹೇಳಾಕ ಹತ್ತಿದ್ದಿ."

ಎರಡನೆಯ ಹಾಳೆ ಎತ್ತಿಕೊಂಡಳು. ಅದು ನನ್ನ ಉತ್ತರ. ಓದಿ ಮುಗಿಸಿ, "ಇಂಗ್ಲಿಷ್ ಚಲೋ ಐತ್ರಿ ನಿಮ್ದು. ಒಂದೂ ತಪ್ಪಿಲ್ಲ" ಎಂದಳು. ವ್ಯಂಗ್ಯವಿರಲಿಲ್ಲ. ಪುಸ್ತಕ ತಿದ್ದಿ ಕೊಡುವ ಮಾಸ್ತರತಿಯ ದನಿ.

ಬೈಗುಳ ಕೇಳಲೆಂದೇ ನಾನು ಹೋಗಿದ್ದೆ. ಅವಳು ಬೈಯಲಿಲ್ಲ. ಶಿಬಿರದ ಪತ್ರದ ಮೇಲಿನ ತಾರೀಖಿನ ಮೇಲೆ ಬೆರಳಿಟ್ಟು, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು, "ಅಂದ್ರ ಈ ತಾರೀಖಿಗೆ ಇದ್ರು."

ತಂದೆಯ ವಿಷಯದಲ್ಲಿ ಅವಳ ಬಾಯಿಂದ 'ಇದ್ರು' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಪಂಡಿತರ ಕೆಂಪು ಮಸಿಯಿಂದ ಆಗದ್ದು ನನ್ನಿಂದ ಆಯಿತು.

ತಾಯಿ ಹಾಳೆಗಳ ಕಡೆ ನೋಡಿ ಏನೋ ಕೇಳಿದಳು. ಈಶ್ವರಿ ನಗುತ್ತಲೇ ಉತ್ತರ ಕೊಟ್ಟು, ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ, "ನನ್ನ ಹಳೇ ದಾಖಲೆ ತಂದಾರಂತ ಹೇಳೀನ್ರಿ. ಅವ್ವಗ ತಿಳಿಯೂದು ಬ್ಯಾಡ. ಆಕಿ ಪಾಲಿಗೆ ಅಪ್ಪ ಇನ್ನೂ ಬರಾವ್ರು ಅದಾರ" ಎಂದಳು.

"ನಾ ಮತ್ತೊಮ್ಮೆ ಎಲ್ಲಾ ಕಡೆ ಬರೀತೀನವ್ವ. ನನ್ನ ತಪ್ಪು ಅಂತ ಬರದು ಕೇಳತೀನಿ."

"ಬ್ಯಾಡ್ರಿ. ನೀವು ಬರದದ್ದು ಸಾಕು. ಈಗ ನನಗ ಬರಿಯಾಕ ಬರತೈತಿ."

ಶಿಬಿರದ ಪತ್ರವನ್ನು ಟ್ರಂಕಿನಲ್ಲಿಟ್ಟುಕೊಂಡಳು. ನನ್ನ ನಕಲನ್ನು ನನಗೇ ಮರಳಿ ಕೊಟ್ಟಳು. ಅದು ಇಂದಿಗೂ ನನ್ನ ಹತ್ತಿರವಿದೆ. ಅವಳು ಎಲ್ಲೆಲ್ಲಿಗೆ ಬರೆದಳೋ, ಉತ್ತರ ಬಂತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅಷ್ಟೂ ಹೊತ್ತು ಹಪ್ಪಳ ನನ್ನ ಕೈಯಲ್ಲಿ ಮುರಿಯದೆ ಹಾಗೇ ಇತ್ತು. ತಾಯಿ ಅದನ್ನು ನೋಡಿ, ತಣ್ಣಗಾಗಿದೆ ಎಂದು ತೆಗೆದುಕೊಂಡು, ಒಳಗೆ ಹೋಗಿ ಇನ್ನೊಂದನ್ನು ಬಿಸಿಯಾಗಿ ಸುಟ್ಟು ತಂದಳು. "ಖಾವೋ, ಸಾಬ" ಎಂದಳು. ಬಳೆ ತುಂಬಿದ ಆ ಕೈಯಿಂದ ತೆಗೆದುಕೊಂಡೆ. ಅವಳು ನಿಂತು ನೋಡುತ್ತಿದ್ದಳು. ತಿಂದೆ.